ಗಿಂಜಾದಲ್ಲೊಂದು ಕಾಫಿ ಬಟ್ಟೆ

ಊರಲ್ಲಿ ಕಾಫಿ ಕುಯ್ಲಿಗೆ ಆಳು ಸಿಗದೆ ಅಮ್ಮ ಒದ್ದಾಡುತ್ತಿದ್ದ ವಾರ ನಾನು ಜಪಾನಿನಲ್ಲಿ ಒಂದು ಲೋಟ ಕಾಫಿಗಾಗಿ ರೈಲು ಹತ್ತಿದ್ದೆ. ಇದನ್ನು ಅಮ್ಮ ಇವತ್ತಿಗೂ ನೆಂಟರ ಮುಂದೆ ಹೇಳುತ್ತಾಳೆ. ಪೂರ್ತಿ ನಿಜವಲ್ಲ. ಕಾಫಿ ಏನಿದ್ದರೂ ಸಂಜೆಗೆ. ಬೆಳಗ್ಗೆ ಹೊರಟಿದ್ದು ಒಂದು ಸಮಾಧಿ ನೋಡಲು.

2023ರ ಡಿಸೆಂಬರ್ ಮೊದಲ ವಾರ. ಕಂಪನಿ ಕೆಲಸದ ಮೇಲೆ ಮೂರು ತಿಂಗಳಿಗೆ ಯೊಕೊಹಾಮಾಕ್ಕೆ ಬಂದಿದ್ದೆ. ಬುಧವಾರ ರಜೆ ಹಾಕಿದೆ. ಯಾಕೆ ಅಂತ ಪಕ್ಕದ ಟೇಬಲ್ಲಿನವನು ಕೇಳಿದ. ‘ಒಬ್ಬರ ಸಮಾಧಿಗೆ ಹೋಗಬೇಕು’ ಎಂದೆ. ಯಾರೋ ಹತ್ತಿರದವರದು ಅಂದುಕೊಂಡು ಅವನು ತಲೆ ಬಗ್ಗಿಸಿದ. ನಾನು ತಿದ್ದಲು ಹೋಗಲಿಲ್ಲ. ಒಂದು ಲೆಕ್ಕದಲ್ಲಿ ಹತ್ತಿರದವರೇ ಅಲ್ವಾ?

ಸಮಾಧಿ ಸಿನಿಮಾ ನಿರ್ದೇಶಕ ಯಾಸುಜಿರೊ ಓಜು ಅವರದು. ಆ ಹೆಸರು ನನ್ನ ಕಿವಿಗೆ ಬಿದ್ದಿದ್ದು ಚಿಕ್ಕಪ್ಪನಿಂದ. ಅವರು ಹೆಗ್ಗೋಡಿನ ನೀನಾಸಮ್‌ನ ಸಿನಿಮಾ ಶಿಬಿರಕ್ಕೆ ಹೋಗಿ ಬಂದವರು. ಅಡಿಕೆ ಸುಲಿಯುವವರ ಮಧ್ಯೆ ಕೂತು ಜಪಾನಿ ಸಿನಿಮಾಗಳ ಕಥೆ ಹೇಳುತ್ತಿದ್ದರು. ನಾನು ಓಜು ಸಿನಿಮಾ ನೋಡಿದ್ದು ಬಹಳ ವರ್ಷ ಕಳೆದ ಮೇಲೆ, ಬೆಂಗಳೂರಿನ ಪಿಜಿ ರೂಮಿನ ಮಂಚದ ಮೇಲೆ. ಮೊದಲ ಸಲ ನಿದ್ದೆ ಬಂತು. ಎರಡನೇ ಸಲ ಒಂದು ವಿಷಯ ಕಣ್ಣಿಗೆ ಬಿತ್ತು. ಅವರ ಕ್ಯಾಮೆರಾ ನೆಲ ಬಿಟ್ಟು ಏಳುವುದೇ ಇಲ್ಲ. ಚಾಪೆ ಮೇಲೆ ಕೂತವರ ಕಣ್ಣಿನ ಎತ್ತರ, ಅದಕ್ಕಿಂತ ತುಸು ಕೆಳಗೇ. ಮಣೆ ಹಾಕಿ ಊಟಕ್ಕೆ ಕೂತಾಗ ಅಡುಗೆಮನೆ ಹೀಗೇ ಕಾಣುತ್ತಿತ್ತು. ಬಡಿಸುವವರ ಪಾದ ಮೊದಲು, ಮುಖ ಆಮೇಲೆ. ಅಲ್ಲಿಂದ ಮುಂದೆ ನಿದ್ದೆ ಬರಲಿಲ್ಲ.

ಸಮಾಧಿ ಇರುವುದು ಕಿತಾ-ಕಮಾಕುರಾದಲ್ಲಿ. ಯೊಕೊಹಾಮಾದಿಂದ ಯೊಕೊಸುಕಾ ಲೈನಿನ ರೈಲಿನಲ್ಲಿ ಅರ್ಧ ಗಂಟೆಯೂ ಬೇಕಿಲ್ಲ. ದಾರಿಯಲ್ಲಿ ಒಫುನಾ ಬರುತ್ತದೆ. ಕಿಟಕಿಯಿಂದ ಗುಡ್ಡದ ಮೇಲಿನ ಬಿಳಿ ಕಾನ್ನೊನ್ ಮೂರ್ತಿ ಕಾಣುತ್ತದೆ, ಬೌದ್ಧರ ಕರುಣೆಯ ದೇವತೆ. 25 ಮೀಟರ್ ಎತ್ತರ, ಎದೆಯವರೆಗೆ ಮಾತ್ರ. ಉಳಿದರ್ಧ ಗುಡ್ಡದೊಳಗೇ ಉಳಿದುಬಿಟ್ಟ ಹಾಗೆ. ಶೊಚಿಕು ಸಿನಿಮಾ ಕಂಪನಿಯ ಸ್ಟುಡಿಯೊ ಇದ್ದದ್ದು ಇದೇ ಊರಲ್ಲಿ. 1936ರಲ್ಲಿ ಶುರುವಾಗಿ 2000ದಲ್ಲಿ ಮುಚ್ಚಿತು. ಓಜು ತಮ್ಮ ದೊಡ್ಡ ಸಿನಿಮಾಗಳನ್ನೆಲ್ಲ ಹೆಚ್ಚುಕಮ್ಮಿ ಅಲ್ಲೇ ಮಾಡಿದ್ದು. ಮುಂದಿನ ಸ್ಟೇಷನ್ನೇ ಕಿತಾ-ಕಮಾಕುರಾ.

ಇಳಿದವನು ಪ್ಲಾಟ್‌ಫಾರ್ಮಿನಲ್ಲೇ ಐದು ನಿಮಿಷ ನಿಂತೆ. ಓಜು ಅವರ 1949ರ ‘ಲೇಟ್ ಸ್ಪ್ರಿಂಗ್’ ಶುರುವಾಗುವುದೇ ಈ ಸ್ಟೇಷನ್ನಿನಲ್ಲಿ. ಹೆಂಡತಿ ತೀರಿಕೊಂಡ ಅಪ್ಪ, ಅವನನ್ನು ಒಂಟಿಯಾಗಿ ಬಿಟ್ಟು ಮದುವೆಯಾಗಲು ಒಪ್ಪದ ಮಗಳು. ಹೆಸರು ಬದಲಿಸಿದರೆ ತೀರ್ಥಹಳ್ಳಿಯಲ್ಲೂ ನಡೆಯುವ ಕಥೆ. ಇಷ್ಟೊಂದು ಮದುವೆಗಳ ಸಿನಿಮಾ ತೆಗೆದ ಓಜು ಸ್ವತಃ ಮದುವೆಯಾಗಲಿಲ್ಲ. 1952ರಿಂದ ತಾಯಿಯ ಜೊತೆ ಇದೇ ಕಿತಾ-ಕಮಾಕುರಾದಲ್ಲಿ ಮನೆ ಮಾಡಿಕೊಂಡಿದ್ದರು.

ಸ್ಟೇಷನ್ನಿಗೆ ಅಂಟಿಕೊಂಡೇ ಎಂಗಾಕು-ಜಿ ದೇವಸ್ಥಾನ. ರೈಲು ಹಳಿ ಹಾಕುವಾಗ ದೇವಸ್ಥಾನದ ಅಂಗಳವನ್ನೇ ಸೀಳಿಕೊಂಡು ಹೋಗಿದ್ದಾರೆ. ಕೊಳ ಆಚೆ, ಮೆಟ್ಟಿಲು ಈಚೆ. 1282ರಲ್ಲಿ ಕಟ್ಟಿಸಿದ್ದು, ಮಂಗೋಲರ ದಾಳಿಯಲ್ಲಿ ಸತ್ತವರಿಗಾಗಿ. ತಮ್ಮ ಕಡೆಯವರಿಗೆ ಮಾತ್ರವಲ್ಲ, ದಾಳಿ ಮಾಡಲು ಬಂದು ಸತ್ತವರಿಗೂ. ಮೇಪಲ್ ಎಲೆಗಳು ಕೆಂಪಗಾಗಿದ್ದವು. ಜನ ಎಲ್ಲ ಕತ್ತೆತ್ತಿ ಫೋಟೊ ತೆಗೆಯುತ್ತಿದ್ದರು. ನಾನೊಬ್ಬ ಕತ್ತು ಬಗ್ಗಿಸಿಕೊಂಡು ಕಲ್ಲು ಹುಡುಕಲು ಹೋದೆ.

ಟಿಕೆಟ್ ಕೊಡುವಲ್ಲಿ ‘ಓಜು’ ಎಂದೆ. ಅವರು ಒಂದು ಕಡೆ ಕೈ ತೋರಿಸಿದರು. ಕಲ್ಲಿನ ಮೇಲೆ ಅವರ ಹೆಸರಿಲ್ಲ, ಒಂದೇ ಒಂದು ಅಕ್ಷರ ಇದೆ ಎಂದು ಗೊತ್ತಿತ್ತು. ‘ಮು’. ಆ ಕಾಂಜಿಯನ್ನು, ಅಂದರೆ ಚೀನೀ ಮೂಲದ ಆ ಅಕ್ಷರವನ್ನು, ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ಬಂದಿದ್ದೆ. ಆದರೂ ಅರ್ಧ ಗಂಟೆ ತಪ್ಪು ಸಾಲಿನಲ್ಲೇ ಸುತ್ತಿದೆ. ಅಕ್ಷರ ಗೊತ್ತಿಲ್ಲದವನಿಗೆ ಎಲ್ಲ ಅಕ್ಷರವೂ ಅದೇ ಥರ ಕಾಣುತ್ತದೆ. ಕೊನೆಗೆ ಸಿಕ್ಕಿದ್ದು ಅಕ್ಷರದಿಂದಲ್ಲ, ಬಾಟಲಿಗಳಿಂದ. ಒಂದು ಕಪ್ಪು ಕಲ್ಲಿನ ಮುಂದೆ ಸಾಕೆ ಎಂಬ ಅಕ್ಕಿ ಮದ್ಯದ ಬಾಟಲಿ, ಬಿಯರ್ ಕ್ಯಾನ್ ಸಾಲಾಗಿದ್ದವು. ಓಜು ಕುಡಿತ ಅಷ್ಟು ಪ್ರಸಿದ್ಧ. ಕಲ್ಲಿನ ಮೇಲೆ ನನ್ನ ಅಂಗೈಯ ಅಕ್ಷರ.

‘ಮು’ ಅಂದರೆ ಇಲ್ಲ. ಇಲ್ಲಿ ಅಲ್ಲಮನ ಬಯಲನ್ನು ಎಳೆದು ತಂದು ದೊಡ್ಡ ಮಾತಾಡಬಹುದು. ನಿಜ ಹೇಳಬೇಕೆಂದರೆ ನನಗೆ ನೆನಪಾದದ್ದು ನಮ್ಮೂರ ಕಿರಾಣಿ ಅಂಗಡಿಯವರು. ಏನು ಕೇಳಿದರೂ ತಲೆ ಎತ್ತದೆ ‘ಇಲ್ಲ’ ಅನ್ನುತ್ತಿದ್ದರು. ಅಷ್ಟೇ ಸಲೀಸಾಗಿತ್ತು ಆ ಕಲ್ಲು. ಓಜು ಹುಟ್ಟಿದ್ದು 1903ರ ಡಿಸೆಂಬರ್ 12, ಸತ್ತದ್ದು 1963ರ ಡಿಸೆಂಬರ್ 12. ಸರಿಯಾಗಿ ಅರವತ್ತು. ನಮ್ಮಲ್ಲಾದರೆ ಷಷ್ಟ್ಯಬ್ದಿ ಮಾಡಿಸುವ ದಿನ.

ನಾನು ಏನೂ ತಂದಿರಲಿಲ್ಲ. ಕೋಟಿನ ಜೇಬಿನಲ್ಲಿ ವೆಂಡಿಂಗ್ ಮೆಷಿನ್ನಿನ ಬಿಸಿ ಕಾಫಿ ಡಬ್ಬಿ ಇತ್ತು, ಕೈ ಬೆಚ್ಚಗಿರಲಿ ಎಂದು ತಗೊಂಡಿದ್ದು. ಇಡೋಣವೇ ಎಂದು ಒಂದು ಕ್ಷಣ ಯೋಚಿಸಿದೆ. ಇಡಲಿಲ್ಲ. ಸಕ್ಕರೆ ಪಾಕದ ಥರ ಇರುತ್ತದೆ ಅದು. ಅಷ್ಟು ಚೆನ್ನಾಗಿ ಕುಡಿಯುತ್ತಿದ್ದ ಮನುಷ್ಯನಿಗೆ ಅದನ್ನು ಇಡುವುದಾ.

ಹಸಿವಾಗಿತ್ತು. ಜಪಾನಿನಲ್ಲಿ ಸಸ್ಯಾಹಾರಿಯ ಹಸಿವು ಬೇರೆಯೇ ಕಥೆ. ಬಂದ ಹೊಸದರಲ್ಲಿ ಹತ್ತು ದಿನ ಒಂದೇ ಅಂಗಡಿಯಲ್ಲಿ ಉಡೋನ್ ತಿಂದಿದ್ದೆ. ಬಿಳಿ ಶಾವಿಗೆ, ತಿಳಿಸಾರು, ಮೇಲೆ ಈರುಳ್ಳಿ ಸೊಪ್ಪು. ತರಕಾರಿ ಊಟ ಎಂದು ಅಮ್ಮನಿಗೆ ಫೋಟೊ ಕೂಡ ಕಳಿಸಿದ್ದೆ. ಹನ್ನೊಂದನೇ ದಿನ ಗೊತ್ತಾಯಿತು, ಆ ತಿಳಿಸಾರಿನ ರುಚಿಯೇ ಮೀನಿನದು. ಹೊಗೆಯಲ್ಲಿ ಒಣಗಿಸಿದ ಮೀನನ್ನು ಮರದ ಹೆರೆಯಂತೆ ಹೆರೆದು ಕುದಿಸುತ್ತಾರೆ, ಅದಕ್ಕೆ ದಾಶಿ ಅನ್ನುತ್ತಾರೆ. ತಪ್ಪು ಅಂಗಡಿಯವನದಲ್ಲ, ನಾನು ಕೇಳಿರಲೇ ಇಲ್ಲ. ಅಮ್ಮನಿಗೆ ಈ ವಿಷಯ ಇನ್ನೂ ಹೇಳಿಲ್ಲ.

ಅದಕ್ಕೇ ಕಮಾಕುರಾದಲ್ಲಿ ಊಟ ಎಲ್ಲಿ ಎಂದು ಮೊದಲೇ ನಿಗದಿ ಮಾಡಿದ್ದೆ. ಎಂಗಾಕು-ಜಿಯಿಂದ ಕಾಲು ಗಂಟೆ ನಡೆದರೆ ಕೆಂಚೊ-ಜಿ, 1253ರ ಮಠ. ಕೆಂಚಿನ್-ಜಿರು ಎಂಬ ಸಾರು ಇಲ್ಲಿಂದಲೇ ಬಂದದ್ದು ಎನ್ನುತ್ತಾರೆ. ಮಠದ ಅಡುಗೆಯಲ್ಲಿ ಮೀನಿಲ್ಲ, ಸಾರಿಗೆ ಕಡಲಪಾಚಿ ಮತ್ತು ಒಣ ಅಣಬೆ. ಒಂದು ಕಥೆಯೂ ಇದೆ. ಮರಿ ಸನ್ಯಾಸಿಯೊಬ್ಬ ಟೋಫುವನ್ನು, ಅಂದರೆ ಸೋಯಾ ಹಾಲಿನ ಪನೀರನ್ನು, ನೆಲಕ್ಕೆ ಬೀಳಿಸಿ ಪುಡಿ ಮಾಡಿದನಂತೆ. ಮಠ ಕಟ್ಟಿದ ಗುರುಗಳು ಅದನ್ನೇ ಬಳಿದು, ತೊಳೆದು ಸಾರಿಗೆ ಹಾಕಿದರಂತೆ. ಅದಕ್ಕೆ ಇವತ್ತಿಗೂ ಈ ಸಾರಿನಲ್ಲಿ ಟೋಫುವನ್ನು ಕತ್ತರಿಸುವುದಿಲ್ಲ, ಕೈಯಲ್ಲಿ ಮುರಿದು ಹಾಕುತ್ತಾರೆ.

ಹತ್ತಿರದ ಒಂದು ಪುಟ್ಟ ಹೋಟೆಲಿನಲ್ಲಿ ಈ ಸಲ ಕೇಳಿಯೇ ಕೂತೆ. ಬಟ್ಟಲು ಬಂತು. ಮೂಲಂಗಿ, ಗಜ್ಜರಿ, ಯಾವುದೋ ಬೇರು. ಎಳ್ಳೆಣ್ಣೆಯ ವಾಸನೆ. ಒಂದು ಹೋಳು ಬಾಯಿಗಿಟ್ಟರೆ ನಾಲಿಗೆಗೆ ಚಿರಪರಿಚಿತ ಲೋಳೆ. ಕೆಸುವಿನ ಗೆಡ್ಡೆ! ನಮ್ಮಲ್ಲಿ ಹುಳಿ ಹಾಕದೆ ಕೆಸುವನ್ನು ಮುಟ್ಟುವುದಿಲ್ಲ. ಇವರು ಸುಮ್ನೆ ಬೇಯಿಸಿ ಹಾಕಿದ್ದಾರೆ, ಗಂಟಲು ಕೆರೆಯಲಿಲ್ಲ. ಎರಡನೇ ಬಟ್ಟಲು ಹೇಳಿದೆ.

ಟೋಫು ತಿನ್ನುವಾಗ ಮತ್ತೆ ಓಜು. ‘ಯಾವಾಗಲೂ ಒಂದೇ ಥರದ ಸಿನಿಮಾ ಮಾಡ್ತೀರಲ್ಲ’ ಎಂದವರಿಗೆ, ನಾನು ಟೋಫು ಮಾಡುವವನು, ಟೋಫು ಬಿಟ್ಟು ಬೇರೆ ಬರೋದಿಲ್ಲ ಎನ್ನುವ ಅರ್ಥದಲ್ಲಿ ಹೇಳುತ್ತಿದ್ದರು. ಅದು ವಿನಯವೋ ಹೆಮ್ಮೆಯೋ ನನಗೆ ಇನ್ನೂ ತೀರ್ಮಾನವಾಗಿಲ್ಲ. ಸಿನಿಮಾ, ತಿರುಗಾಟ, ತಿಂಡಿ, ಕಾಫಿ ಎಂದು ನಾಲ್ಕು ಹುಚ್ಚು ಹಚ್ಚಿಕೊಂಡು ಒಂದರಲ್ಲೂ ಪಳಗದ ನನಗೆ ಮಾತ್ರ ಅದು ಚುಚ್ಚುತ್ತದೆ.

ಮೂರು ಗಂಟೆ ಹೊತ್ತಿಗೆ ಅದೇ ಲೈನಿನಲ್ಲಿ ಸೀದಾ ಶಿಂಬಾಶಿ. ಅಲ್ಲಿಂದ ಟೋಕಿಯೊದ ಗಿಂಜಾ ಬಡಾವಣೆಯ ಎಂಟನೇ ಬ್ಲಾಕಿಗೆ ನಡೆದೇ ಹೋಗಬಹುದು. ಕಣ್ಣು ಕುಕ್ಕುವ ಅಂಗಡಿಗಳ ಸಂದಿಯಲ್ಲಿ ಒಂದು ಹಳೇ ಮುಂಬಾಗಿಲು, ಕಾಫೆ ದ ಲಾಂಬ್ರ್. 1948ರಲ್ಲಿ ಇಚಿರೊ ಸೆಕಿಗುಚಿ ಶುರು ಮಾಡಿದ್ದು. ಅವರು 2018ರಲ್ಲಿ ತೀರಿಕೊಂಡಾಗ 103 ವರ್ಷ. ಬೋರ್ಡಿನ ಮೇಲೆ ಬರೆದಿರುವ ಮಾತು: ಕಾಫಿ ಮಾತ್ರ. ಇನ್ನೊಬ್ಬ ಟೋಫುವಾಲಾ, ಅಂದುಕೊಂಡೆ.

ಕಟ್ಟೆಯ ಮುಂದೆ ಕೂತೆ. ಎದುರಿನಾತ ಬೀಜ ಬೀಸಿ, ಹಿಡಿ ಇರುವ ಒಂದು ಬಟ್ಟೆಚೀಲಕ್ಕೆ ಪುಡಿ ಸುರಿದ. ಸಪೂರ ಮೂತಿಯ ಕೆಟಲಿನಿಂದ ನೀರು ಬಿಟ್ಟ. ಬಿಟ್ಟ ಎನ್ನುವುದೂ ಜಾಸ್ತಿ. ದಾರದಷ್ಟು ಸಣ್ಣಗೆ, ಹನಿಹನಿಯಾಗಿ, ಪುಡಿ ಉಬ್ಬುವುದನ್ನು ನೋಡುತ್ತಾ. ಕೆಳಗೆ ಕಪ್ಪಗೆ ಇಳಿಯುತ್ತಿತ್ತು.

ನಾನು ಕಾಫಿಯನ್ನು ನೋಡಲಿಲ್ಲ, ಬಟ್ಟೆಯನ್ನು ನೋಡುತ್ತಿದ್ದೆ. ಕಂದು, ಕಪ್ಪು, ಕಲೆ ಹಿಡಿದ ಬಟ್ಟೆ. ನಮ್ಮ ಅಜ್ಜಿಯ ಕಾಫಿ ಬಟ್ಟೆ. ಒಲೆ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಸೋಪು ಮುಟ್ಟಿಸಿದರೆ ಬೈಗುಳ. ಮನೆಗೆ ಸ್ಟೀಲ್ ಫಿಲ್ಟರ್ ಬಂದ ವರ್ಷ ಅದು ಎಲ್ಲೋ ಹೋಯಿತು, ಯಾರೂ ಹುಡುಕಲಿಲ್ಲ. ಇಲ್ಲೂ ಸೋಪಿಲ್ಲ. ಆದರೆ ಒಣಗಿಸುವುದಿಲ್ಲ, ಬಳಸಿದ ಮೇಲೆ ನೀರಿನಲ್ಲಿ ಮುಳುಗಿಸಿ ಇಡುತ್ತಾರೆ. ಒಣಗಿದರೆ ಬಟ್ಟೆಗೆ ಅಂಟಿದ ಕಾಫಿ ಎಣ್ಣೆ ಕಮಟು ಹಿಡಿಯುತ್ತದಂತೆ. ಅಜ್ಜಿಯ ಕಾಫಿಗೆ ಒಂದು ಹೊಗೆವಾಸನೆ ಇರುತ್ತಿತ್ತು. ಅದು ಒಲೆಯದೋ, ಕಮಟೋ, ಈಗ ಅನುಮಾನ ಶುರುವಾಗಿದೆ.

ಕಾಫಿ ಪುಟ್ಟ ಕಪ್ಪಿನಲ್ಲಿ ಬಂತು. ಗಟ್ಟಿ ಡಿಕಾಕ್ಷನ್‌ನ ಮೈಕಟ್ಟು, ಆದರೆ ಕಹಿ ಕೊನೆಗೆ ಸಿಹಿಯ ಕಡೆ ವಾಲುತ್ತಿತ್ತು. ತೋಟ ಇದ್ದೂ ನಾವು ಮನೆಯಲ್ಲಿ ಇಂಥದ್ದನ್ನು ಕುಡಿದವರಲ್ಲ. ಒಳ್ಳೆ ಬೀಜ ಎಲ್ಲ ಮಾರಾಟಕ್ಕೆ. ಒಡಕು, ಕರಿ, ಹಕ್ಕಿ ತಿಂದು ಬಿಟ್ಟದ್ದು ಮನೆಗೆ. ಅದಕ್ಕೆ ಬೆಲ್ಲ ಹಾಕಿ ಮುಚ್ಚಿಬಿಡುತ್ತಿದ್ದರು. ಬಿಲ್ಲು ಸಾವಿರ ಯೆನ್ನಿನ ಆಸುಪಾಸು. ಆಗಿನ ಲೆಕ್ಕಕ್ಕೆ ಐನೂರೈವತ್ತು ರೂಪಾಯಿಯ ಮೇಲೆ.

ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಇಲ್ಲಿ ಸಂಜೆ ಐದು, ಅಲ್ಲಿ ಮಧ್ಯಾಹ್ನ ಒಂದೂವರೆ. ಕಣದಲ್ಲಿ ಆಳುಗಳು ಊಟಕ್ಕೆ ಕೂತ ಸದ್ದು ಕೇಳುತ್ತಿತ್ತು.

‘ಅಜ್ಜಿ ಕಾಫಿ ಬಟ್ಟೆ ನೆನಪಿದ್ಯಾ? ಇಲ್ಲಿ ಅದರಲ್ಲೇ ಸೋಸ್ತಾರೆ.’

‘ಎಷ್ಟು ತಗೊಂಡ್ರು?’

‘ನೂರೈವತ್ತು.’ ಉಡೋನ್ ಆದ ಮೇಲೆ ಇದು ಎರಡನೇ ಸುಳ್ಳು.

‘ನೂರೈವತ್ತಾ! ಬಟ್ಟೆ ಯಾವ್ದು, ಹಳೇ ಪಂಚೇದಾ?’

‘ಅಲ್ಲಮ್ಮ, ಫ್ಲಾನೆಲ್. ಮಕ್ಕಳ ಅಂಗಿಗೆ ಹಾಕ್ತಾರಲ್ಲ, ಒಂದು ಕಡೆ ಜುಂಗು ಇರೋ ಮೆತ್ತನೆ ಬಟ್ಟೆ.’

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು.

‘ಹಂಗಾದ್ರೆ ನಿಧಾನಕ್ಕೆ ಸೋರುತ್ತೆ,’ ಎಂದಳು. ‘ಬರ್ತಾ ಒಂದು ತಗೊಂಡು ಬಾ.’