ಕೆರೆ ಬಗ್ಗೆ ಕೇಳಬೇಕಾದರೆ ಕುರ್ಚಿ ಬಿಟ್ಟೇಳಿ

ಕೋಲಾರದ ಕಡೆ ಜನ ತಮ್ಮ ಕೆರೆಯನ್ನು ಹೇಗೆ ನೋಡುತ್ತಾರೆ ಅಂತ ತಿಳಿಯುವುದು ನನ್ನ ಕೆಲಸ. ಪಂಚಾಯಿತಿ ಕಟ್ಟಡದಲ್ಲಿ ಕೂರಿಸಿ ಕೇಳಿದರೆ ಬರುವ ಉತ್ತರ ಒಂದೇ: ಹೂಳು ತುಂಬಿದೆ, ಒತ್ತುವರಿ ಆಗಿದೆ, ದುಡ್ಡು ಬಂದಿಲ್ಲ. ಸುಳ್ಳಲ್ಲ. ಆದರೆ ಅದು ಅಧಿಕಾರಿಗಳ ಮುಂದೆ ಹೇಳಿ ಹೇಳಿ ರೂಢಿಯಾದ ಮಾತು. ಅದಕ್ಕೇ ಅವರ ಜೊತೆ ಕೆರೆ ಏರಿ ಮೇಲೆ ನಡೆಯುತ್ತೇನೆ.

ಇದು ಹೊಸ ವಿದ್ಯೆಯೇನಲ್ಲ. 1970ರ ದಶಕದಲ್ಲೇ ಕೆನಡಾದ ವ್ಯಾಂಕೂವರ್‌ನಲ್ಲಿ ಸಂಗೀತ ಸಂಯೋಜಕ ಮರ್ರೆ ಶೇಫರ್ ತಂಡದವರು ಬರೀ ಕಿವಿಗೊಟ್ಟು ಊರು ಸುತ್ತುವ ‘ಸೌಂಡ್‌ವಾಕ್’ ಮಾಡುತ್ತಿದ್ದರು. ನಮ್ಮಲ್ಲೂ ಮೈರಾಡದಂಥ ಸ್ವಯಂಸೇವಾ ಸಂಸ್ಥೆಗಳು ಹಳ್ಳಿಯವರ ಜೊತೆ ಊರಿನ ಉದ್ದಕ್ಕೂ ನಡೆದು, ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ನಕ್ಷೆ ಬರೆಸಿವೆ.

ದಾರಿ ಅವರೇ ಆರಿಸಬೇಕು, ನಾವಲ್ಲ. ಕೆರೆ ನೀರು ಹಂಚುತ್ತಿದ್ದ ನೀರುಗಂಟಿ ಮನೆತನದ ಹಿರಿಯರು ನೇರ ನೀರು ಬಿಡುವ ತೂಬಿಗೆ ಕರೆದೊಯ್ಯುತ್ತಾರೆ. ಕುರಿ ಮೇಯಿಸುವವರು ಕೆರೆ ಅಂಗಳಕ್ಕೆ ಇಳಿಯುತ್ತಾರೆ. ಹೆಂಗಸರು, ಗಂಡಸರು ಜೊತೆಗಿಲ್ಲದಿದ್ದರೆ ಮಾತ್ರ, ಹೊನಗೊನ್ನೆ ಸೊಪ್ಪು ಕೀಳುವ ಜಾಗ ತೋರಿಸುತ್ತಾರೆ. ಗುಡಿ ಹತ್ತಿರ ಬಂದಾಗ ಕೆಲವರು ಮಾತಿಲ್ಲದೆ ಬಳಸು ದಾರಿ ಹಿಡಿಯುತ್ತಾರೆ. ಯಾಕೆ ಅಂತ ಯಾವ ಸಭೆಯಲ್ಲೂ ಯಾರೂ ಬಾಯಿ ಬಿಡುವುದಿಲ್ಲ.

“ಕೆರೆ ಮೊದಲು ಹೇಗಿತ್ತು?” ಅಂತ ಕೇಳಬೇಡಿ. “ಚೆನ್ನಾಗಿತ್ತಮ್ಮ” ಅಂದು ಸುಮ್ಮನಾಗುತ್ತಾರೆ. ಮಣ್ಣು ಕೈಗೆ ಕೊಟ್ಟು ನೋಡಿ. ಬೆರಳಲ್ಲಿ ಉಜ್ಜಿ, “ಇದು ಹೊಲಕ್ಕಾಗೋ ಗೋಡಲ್ಲ, ಬರೀ ಮರಳು” ಅನ್ನುತ್ತಾರೆ. ಅಲ್ಲಿಂದ ಗಾಡಿಯಲ್ಲಿ ಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಲಕ್ಕೆ ಹೊಡೆದ ಕಾಲ, ರಾಗಿ, ಜಗಳ, ಎಲ್ಲಾ ಹೊರಗೆ ಬರುತ್ತದೆ.

ಮೂಗಿನ ಮಾತೂ ಅಷ್ಟೇ ಮುಖ್ಯ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಇಲ್ಲಿನ ಕೆರೆಗಳಿಗೆ ಬರುತ್ತಿದೆ. ಅಂತರ್ಜಲ ಹೆಚ್ಚಿಸುವುದು ಉದ್ದೇಶ. ಅಂಥ ಕೆರೆಯ ಏರಿ ಮೇಲೆ ಒಬ್ಬರು ಮೂಗು ಮುಚ್ಚಿಕೊಂಡರೆ, ಪಕ್ಕದವರು ಬೋರ್‌ವೆಲ್‌ಗೆ ನೀರು ಬಂತಲ್ಲ ಅಂತ ಖುಷಿ ಪಡುತ್ತಾರೆ. ಎಷ್ಟೋ ಸಲ ಒಬ್ಬರೇ ಎರಡನ್ನೂ ಮಾಡುತ್ತಾರೆ! ಹೌದು, ಇಲ್ಲ ಅಂತ ಗುರುತು ಹಾಕುವ ಹಾಳೆಯಲ್ಲಿ ಇದಕ್ಕೆ ಜಾಗ ಎಲ್ಲಿದೆ?

ತೊಂದರೆಗಳೂ ಇವೆ. ಏರಿ ಮೇಲಿನ ಗಾಳಿಗೆ ರೆಕಾರ್ಡಿಂಗ್ ಹಾಳಾಗುತ್ತದೆ. ಮೈಕಿಗೆ ಸ್ಪಂಜಿನ ಟೋಪಿ ಹಾಕಿದರೂ ಅಷ್ಟಕ್ಕಷ್ಟೇ. ಹಾಗಾಗಿ ನಡಿಗೆ ಮುಗಿದ ಕೂಡಲೇ ಹೊಂಗೆ ಮರದ ಕೆಳಗೆ ಕೂತು ಅವರಿಂದಲೇ ಚಿತ್ರ ಬರೆಸುತ್ತೇನೆ. ಮಂಡಿನೋವಿನವರ ಮನೆ ಜಗಲಿಗೆ ನಾನೇ ಮಣ್ಣು, ಸೊಪ್ಪು ಹಿಡಿದು ಹೋಗುತ್ತೇನೆ.

ಮೇಲಿನವರು “ಎಷ್ಟು ಜನ ಹೀಗಂದರು?” ಅಂತ ಕೇಳಿಯೇ ಕೇಳುತ್ತಾರೆ. ನಡಿಗೆಯಲ್ಲಿ ಅದಕ್ಕೆ ಉತ್ತರವಿಲ್ಲ, ಮನೆ ಮನೆ ಸರ್ವೆಯೇ ಬೇಕು. ಆದರೆ ನಡಿಗೆ ಮೊದಲು, ಸರ್ವೆ ಆಮೇಲೆ. ಏರಿ ಮೇಲೆ ಸಿಕ್ಕ ಪ್ರಶ್ನೆಗಳನ್ನೇ ಸರ್ವೆಗೆ ಹಾಕುತ್ತೇನೆ.