ಬೇಸ್ಮೆಂಟ್ ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತೆ?

"ನಾವೇ ನೆಲದ ಕೆಳಗಿದ್ದೀವಿ. ಇಲ್ಲಿ ಸ್ನಾನ ಮಾಡಿದ ನೀರು ಇನ್ನೆಲ್ಲಿಗೆ ಹೋಗುತ್ತೆ?"

ಬೇಸ್ಮೆಂಟಿನಲ್ಲಿ ಕೊರೆದಿಟ್ಟ ಕಾಂಕ್ರೀಟ್ ನೆಲವನ್ನು ಬಗ್ಗಿ ನೋಡುತ್ತ ಪಕ್ಕದ ಮನೆಯ ಎಂಟು ವರ್ಷದ ಹುಡುಗಿ ಕೇಳಿದ ಪ್ರಶ್ನೆ. ಊರಿಂದ ಅಪ್ಪ ಅಮ್ಮ ಬಂದರೆ ಸ್ನಾನಕ್ಕೆ ಮೆಟ್ಟಿಲು ಹತ್ತುವುದು ಬೇಡ ಎಂದು ಅಮೆರಿಕದ ಮನೆಗಳಲ್ಲಿ ಕೆಳಗೊಂದು ಶವರ್ ಹಾಕಿಸುವವರು ಬಹಳ. ಟೈಲ್ಸ್ ಬಣ್ಣ ಆರಿಸುವ ಮುಂಚೆ ಅವರೆಲ್ಲ ಕೇಳಬೇಕಾದ ಪ್ರಶ್ನೆಯೂ ಇದೇ.

ಮೊದಲು ಮನೆಯ ಮುಖ್ಯ ಡ್ರೈನ್ ಪೈಪು ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ನೋಡಿ. ಅದು ಗೋಡೆಯಲ್ಲಿ ಸೊಂಟದೆತ್ತರಕ್ಕೆ ಹೊರಬೀಳುತ್ತಿದ್ದರೆ ಶವರ್ ನೀರನ್ನು ಎತ್ತಿ ಹಾಕಬೇಕು. ಅಂದರೆ ನೆಲದಲ್ಲಿ ಗುಂಡಿ, ಅದರೊಳಗೆ ಬಿಗಿ ಮುಚ್ಚಳದ ತೊಟ್ಟಿ, ಪಂಪು, ನೀರು ವಾಪಸ್ ಬಾರದಂತೆ ಚೆಕ್ ವಾಲ್ವ್, ತೊಟ್ಟಿಗೇ ಗಾಳಿಯಾಡಲು ಒಂದು ವೆಂಟ್ ಪೈಪು. ಕರೆಂಟ್ ಹೋದರೆ ಸ್ನಾನವೂ ಇಲ್ಲ.

ಪೈಪು ನೆಲದಡಿಯಲ್ಲೇ ಹೋಗುತ್ತಿದ್ದರೆ ಪಂಪು ಬೇಡ, ಲೆಕ್ಕ ಬೇಕು. ಎರಡಂಗುಲದ ಪೈಪಿಗೆ ಅಡಿಗೆ ಕಾಲು ಅಂಗುಲ ವಾಟ. ಶವರಿನಿಂದ ಮುಖ್ಯ ಪೈಪಿಗೆ 12 ಅಡಿ ಇದ್ದರೆ ಮೂರಂಗುಲ ಇಳಿಯಬೇಕು. ಅದರ ಮೇಲೆ ಟ್ರ್ಯಾಪಿನ, ಅಂದರೆ ಡ್ರೈನಿನ ಕೆಳಗೆ ನೀರು ನಿಲ್ಲುವ ಬಾಗಿದ ಪೈಪಿನ, ಆಳ ಬೇರೆ. ಅಷ್ಟು ಆಳ ಸಿಗದಿದ್ದರೆ ನೆಲ ಎತ್ತರಿಸಬೇಕು, ಆಗ ತಲೆಯ ಮೇಲಿನ ಜಾಗ ಕಡಿಮೆಯಾಗುತ್ತದೆ. ಶವರ್ ನಿಲ್ಲುವ ಜಾಗದಲ್ಲಿ ಸಾಮಾನ್ಯವಾಗಿ 80 ಅಂಗುಲ ಎತ್ತರ ಕೇಳುತ್ತಾರೆ.

ನೆಲ ಸಾಮಾನ್ಯವಾಗಿ ನಾಲ್ಕಂಗುಲ ದಪ್ಪ. ಒಳಗೆ ಬಿಗಿದೆಳೆದ ಉಕ್ಕಿನ ಕೇಬಲ್ ಇದೆಯೋ ಇಲ್ಲವೋ ಖಚಿತವಾಗದೆ ಗರಗಸ ಮುಟ್ಟಿಸಬೇಡಿ, ಅದು ತುಂಡಾದರೆ ಪ್ರಾಣಾಪಾಯ. ನೀರು ಹಾಯಿಸುತ್ತಲೇ ಕೊಯ್ಯಿರಿ. ಒಣ ಕಾಂಕ್ರೀಟಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಕೆಟ್ಟದ್ದು. ಗೋಡೆಯ ಪಾಯದ ಅಡಿಗೆ ಮಣ್ಣು ತೋಡಲೇಬೇಡಿ.

ವೆಂಟ್ ವಿಷಯದಲ್ಲಿ ನಮ್ಮವರು ತಪ್ಪುವುದು ಹೆಚ್ಚು. ಟ್ರ್ಯಾಪಿನಲ್ಲಿ ಸದಾ ನಿಂತಿರುವ ಎರಡಂಗುಲ ನೀರೇ ಚರಂಡಿ ಗಾಳಿಯನ್ನು ತಡೆಯುವುದು. ವೆಂಟ್ ಇಲ್ಲದಿದ್ದರೆ, ರಭಸವಾಗಿ ಹೋಗುವ ನೀರು ಆ ನಿಂತ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಕೊನೆಯಲ್ಲಿ ಗೊಳಗೊಳ ಸದ್ದು ಕೇಳಿದರೆ ಅದೇ. ಎರಡಂಗುಲದ ಪೈಪಿನಲ್ಲಿ ಟ್ರ್ಯಾಪಿನಿಂದ ವೆಂಟಿಗೆ ಕೆಲವು ಕಡೆ ಐದು ಅಡಿ, ಕೆಲವು ಕಡೆ ಎಂಟು ಅಡಿ ಮಿತಿ. ಊರಿನ ಎಷ್ಟೋ ಹೊಸ ಮನೆಗಳಲ್ಲಿ ಬಚ್ಚಲಿನ ನೆಲದಲ್ಲಿ ನಹಾನಿ ಟ್ರ್ಯಾಪ್ ಇರುತ್ತದೆ, ಅದಕ್ಕೆ ವೆಂಟ್ ಇರುವುದಿಲ್ಲ. ಲಕ್ಷಗಟ್ಟಲೆ ಸುರಿದು ಕಟ್ಟಿದ ಮನೆಯಲ್ಲಿ ಬೆಳಿಗ್ಗೆ ಎದ್ದು ವಾಸನೆಗೆ ಫಿನಾಯಿಲ್ ಹಾಕುತ್ತೇವೆ. ಒಂದೂವರೆ ಅಂಗುಲದ ವೆಂಟ್ ಪೈಪೊಂದು ಸೂರಿನ ಮೇಲಕ್ಕೆ ಹೋಗಿದ್ದರೆ ಅದು ಅಷ್ಟಾಗಿ ಬೇಕಾಗುತ್ತಿರಲಿಲ್ಲ.

ಇನ್ನೊಂದು ಅಪಾಯ ಜೋರು ಮಳೆಯದ್ದು. ಬೀದಿಯ ಒಳಚರಂಡಿ ತುಂಬಿದರೆ ಕೊಳಕು ನೀರು ಹಿಂದಕ್ಕೆ ಬರುತ್ತದೆ. ಮನೆಯಲ್ಲಿ ಎಲ್ಲಕ್ಕಿಂತ ತಗ್ಗಿನ ತೂತು ಈಗ ನಿಮ್ಮ ಹೊಸ ಶವರ್. ಅದಕ್ಕೇ ಬ್ಯಾಕ್‌ವಾಟರ್ ವಾಲ್ವ್, ನೀರು ಹಿಂದಕ್ಕೆ ಬಂದರೆ ತಾನೇ ಮುಚ್ಚಿಕೊಳ್ಳುವ ಬಾಗಿಲು. ಇದನ್ನು ಬೇಸ್ಮೆಂಟಿನ ಕವಲು ಪೈಪಿಗೆ ಮಾತ್ರ ಕೂರಿಸಿ. ಇಡೀ ಮನೆಯ ಪೈಪಿಗೆ ಕೂರಿಸಿದರೆ, ಅದು ಮುಚ್ಚಿಕೊಂಡ ಹೊತ್ತಿನಲ್ಲಿ ಮೇಲೆ ಯಾರಾದರೂ ಫ್ಲಶ್ ಮಾಡಿದ್ದು ಕೆಳಗಿನ ಶವರಿನಲ್ಲಿ ಉಕ್ಕುತ್ತದೆ. ವಾಲ್ವಿನ ಮೇಲೆ ತೆಗೆಯಬಲ್ಲ ಮುಚ್ಚಳ ಇರಲಿ. ಬಾಗಿಲಿಗೆ ಕೂದಲು ಸಿಕ್ಕಿಕೊಂಡರೆ ಅದು ಮುಚ್ಚುವುದಿಲ್ಲ.

ನೀರಿನ ಪೈಪುಗಳನ್ನು ಒಳಗೋಡೆಯಲ್ಲೇ ಎಳೆಯಿರಿ, ಹೊರಗೋಡೆಯಲ್ಲಿ ಚಳಿಗಾಲಕ್ಕೆ ಹೆಪ್ಪುಗಟ್ಟುತ್ತವೆ. ಫ್ಯಾನಿನ ಗಾಳಿ ಮನೆಯ ಹೊರಗೇ ಹೋಗಬೇಕು. ನಲ್ಲಿಯ ವಿಷಯದಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ಮೇಲೆ ಯಾರೋ ತಣ್ಣೀರು ಬಿಟ್ಟರೆ ಕೆಳಗೆ ಸ್ನಾನ ಮಾಡುತ್ತಿರುವವರ ಮೇಲೆ ಕುದಿನೀರು ಬೀಳಬಾರದು. ಒತ್ತಡ ಸರಿದೂಗಿಸುವ ವಾಲ್ವ್ ಹಾಕಿಸಿ, ಬಿಸಿಯನ್ನು 49 ಡಿಗ್ರಿ ಸೆಲ್ಸಿಯಸ್ ದಾಟದಂತೆ ಕಟ್ಟಿಹಾಕಿ. ಬಕೆಟ್ಟಿನಲ್ಲಿ ಕೈಯಾಡಿಸಿ ಹದ ನೋಡಿಕೊಂಡೇ ಮೊದಲ ಚೊಂಬು ಸುರಿದುಕೊಂಡವರು ನಮ್ಮ ಹಿರಿಯರು. ಶವರಿನಲ್ಲಿ ಹಾಗೆ ನೋಡಿಕೊಳ್ಳಲು ಅವಕಾಶವಿಲ್ಲ.

ಸಿಮೆಂಟ್ ಬೋರ್ಡು ನೀರಿನಿಂದ ಹಾಳಾಗುವುದಿಲ್ಲ, ಆದರೆ ನೀರನ್ನು ತಡೆಯುವುದೂ ಇಲ್ಲ. ತಡೆಯುವುದು ಮೆಂಬ್ರೇನ್ ಹಾಳೆ. ಹಾಳೆಯ ಅಡಿಯ ಗಾರೆಗೇ ವಾಟ ಕೊಟ್ಟಿರಬೇಕು, ಇಲ್ಲದಿದ್ದರೆ ಟೈಲ್ಸ್ ಸಂದಿನಿಂದ ಇಳಿದ ನೀರು ಅಲ್ಲೇ ನಿಂತು ಮುಗ್ಗುತ್ತದೆ.

ಊರಲ್ಲಿ ಟೈಲ್ಸ್ ಎಲ್ಲ ಹಾಕಿದ ಮೇಲೆ ಮೇಸ್ತ್ರಿ ಒಂದು ಬಕೆಟ್ ನೀರು ಸುರಿದು ತೋರಿಸುತ್ತಾನೆ. ವಾಟ ತಪ್ಪಿದ್ದರೂ ಆಗ ಒಡೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಅಮೆರಿಕದಲ್ಲಿ ಕಾಂಕ್ರೀಟ್ ಹಾಕಿ ಮುಚ್ಚುವ ಮೊದಲೇ ಪೈಪಿಗೆ ನೀರು ತುಂಬಿಸಿ ಕಟ್ಟಡ ಪರೀಕ್ಷಿಸುವ ಇನ್‌ಸ್ಪೆಕ್ಟರ್‌ಗೆ ತೋರಿಸಬೇಕು. ಟೈಲ್ಸಿಗೂ ಮೊದಲು ಡ್ರೈನಿಗೆ ಬಿರಡೆ ಹಾಕಿ, ಶವರಿನ ಹೊಸ್ತಿಲ ಕಟ್ಟೆಯ ಅಂಚಿಗೆ ಸ್ವಲ್ಪ ಕೆಳಗಿನವರೆಗೆ ನೀರು ನಿಲ್ಲಿಸಿ, ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. 24 ಗಂಟೆ ಬಿಟ್ಟು ನೋಡಿ. ನೀರು ಗೆರೆಯಿಂದ ಇಳಿದಿದ್ದರೆ ಮೊದಲು ಬಿರಡೆ ಪರೀಕ್ಷಿಸಿ, ಆಮೇಲೆ ಕಟ್ಟೆಯ ಎರಡು ಮೂಲೆ. ಹಾಳೆ ಮಡಚಿದ ಕಡೆ ಸೋರುವುದು ಹೆಚ್ಚಾಗಿ ಅಲ್ಲೇ.