ರಾತ್ರಿ ಎಂಟೂವರೆಯ ಮೀಟಿಂಗು

ಮುಂಬಯಿಯ ಸೆಂಟ್ರಲ್ ಲೈನಿನ ಒಂದು ಉಪನಗರದಲ್ಲಿ ನಮ್ಮದೊಂದು ಕನ್ನಡ ಸಂಘ. ಹೆಸರು ಬೇಡ, ಮತ್ತೆ ಮುಖ ನೋಡಬೇಕಲ್ಲ. 2022ರ ಡಿಸೆಂಬರಿನಲ್ಲಿ ಕಮಿಟಿ ಮೀಟಿಂಗು ಕರೆದರು, ರಾತ್ರಿ 8.30ಕ್ಕೆ. ಹೋಟೆಲಿನವರು, ಬ್ಯಾಂಕಿನವರು ಲೋಕಲ್ ಹಿಡಿದು ಬರುವ ಹೊತ್ತು ಅದು. ಹನ್ನೊಂದು ಜನರಲ್ಲಿ ಹೆಂಗಸರು ಇಬ್ಬರು, ಅದರಲ್ಲೊಬ್ಬರು ಬಂದಿರಲಿಲ್ಲ. ಅಂದಿನ ವಿಷಯ ಏನು ಗೊತ್ತಾ? ಸಂಕ್ರಾಂತಿಯ ಅರಸಿನ ಕುಂಕುಮ!

ಗಂಡನಿಗೆ ಸೆಕೆಂಡ್ ಶಿಫ್ಟು, ಅತ್ತೆ ಊರಲ್ಲಿ. ಐದು ತಿಂಗಳ ಮಗಳನ್ನು ಎತ್ತಿಕೊಂಡೇ ಹೋದೆ. ಧೈರ್ಯ ಬಂದದ್ದು ಟೀವಿಯಿಂದ: ಅದೇ ವಾರ ದೇವಳಾಲಿಯ ಶಾಸಕಿ ಸರೋಜ್ ಅಹಿರೆ ಎರಡೂವರೆ ತಿಂಗಳ ಕೂಸಿನೊಂದಿಗೆ ನಾಗ್ಪುರದಲ್ಲಿ ನಡೆದ ಮಹಾರಾಷ್ಟ್ರ ವಿಧಾನಸಭೆಯ ಅಧಿವೇಶನಕ್ಕೆ ಬಂದಿದ್ದರು. 288 ಶಾಸಕರ ಆ ಸದನಕ್ಕೆ 2019ರಲ್ಲಿ ಗೆದ್ದು ಬಂದ ಹೆಂಗಸರು 24. ಆ ಲೆಕ್ಕದಲ್ಲಿ ನಮ್ಮ ಸಂಘವೇ ವಾಸಿ.

ಒಂಬತ್ತಕ್ಕೆ ಮಗಳು ರಾಗ ತೆಗೆದಳು. "ಯಾರ ಹತ್ತಿರವಾದ್ರೂ ಬಿಟ್ಟು ಬರ್ಲಿಕ್ಕೆ ಆಗ್ಲಿಲ್ವಾ ತಂಗಿ?" ಎಂದರು ಅಧ್ಯಕ್ಷರು. ಸಿಟ್ಟಿನಿಂದಲ್ಲ, ಕನಿಕರದಿಂದಲೇ. ಅದಕ್ಕೇ ಉತ್ತರ ಹೊಳೆಯಲಿಲ್ಲ. ಸ್ಟೋರ್ ರೂಮಿಗೆ ಹೋಗಿ, ಪ್ಲಾಸ್ಟಿಕ್ ಕುರ್ಚಿಗಳ ರಾಶಿ ಮತ್ತು ಹಳೇ ಬ್ಯಾನರುಗಳ ನಡುವೆ ಕೂತು ಹಾಲು ಕುಡಿಸಿದೆ. ಒಂದು ಕೈ ಸೊಳ್ಳೆ ಓಡಿಸಲಿಕ್ಕೇ ಬೇಕಾಯಿತು. ತಿರುಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು: ಬಂದವರಿಗೆ ಸ್ಟೀಲ್ ಬಟ್ಟಲು, ಮೇಲ್ವಿಚಾರಣೆ ನನ್ನದು. ನಡಾವಳಿ ಪುಸ್ತಕದಲ್ಲಿ 'ಸರ್ವಾನುಮತದಿಂದ' ಅಂತ ಬರೆದಿತ್ತು.

ಆ 'ಸರ್ವಾನುಮತ' ನನ್ನನ್ನು ಬಹಳ ದಿನ ಕಾಡಿತು. 2019ರ ಜನವರಿಯಲ್ಲಿ ಬ್ರಿಟನ್ನಿನ ಸಂಸದೆ ಟ್ಯೂಲಿಪ್ ಸಿದ್ದೀಕ್ ಒಂದು ಮತ ಹಾಕುವ ಸಲುವಾಗಿ ಸಿಸೇರಿಯನ್ ಮುಂದೂಡಿ, ಗಾಲಿಕುರ್ಚಿಯಲ್ಲಿ ಸಂಸತ್ತಿಗೆ ಬಂದಿದ್ದರು. ಅದೇ ತಿಂಗಳ ಕೊನೆಗೆ ಅಲ್ಲಿ ಹೆರಿಗೆ ರಜೆಯಲ್ಲಿದ್ದವರ ಪರವಾಗಿ ಇನ್ನೊಬ್ಬ ಸದಸ್ಯರು ಮತ ಹಾಕುವ ಏರ್ಪಾಡಾಯಿತು. ಸ್ಕಾಟ್ಲೆಂಡಿನ ಸಂಸತ್ತಿನಲ್ಲಂತೂ ಮತದಾನ ಸಾಮಾನ್ಯವಾಗಿ ಸಂಜೆ 5ಕ್ಕೇ.

ನಮ್ಮಲ್ಲಿ ಮೊದಲು ನೆನಪಾಗುವುದು ಕೋಣೆ. 2023ರ ಬಜೆಟ್ ಅಧಿವೇಶನಕ್ಕೆ ಮುಂಬಯಿಯ ವಿಧಾನ ಭವನಕ್ಕೆ ಬಂದ ಅಹಿರೆ, ತಾಯಂದಿರಿಗೆಂದು ಇಟ್ಟ 'ಹಿರಕಣಿ ಕಕ್ಷ' ಎಂಬ ಕೋಣೆ ಧೂಳು ಹಿಡಿದಿದೆ ಎಂದು ಕಣ್ಣೀರು ಹಾಕಿದರು. ನನಗೆ ನಮ್ಮ ಸ್ಟೋರ್ ರೂಮೇ ಕಣ್ಣಿಗೆ ಕಟ್ಟಿತು. ಹಿರಕಣಿ ರಾಯಗಡ ಕೋಟೆಗೆ ಹಾಲು ಮಾರಲು ಬಂದವಳು, ಕತ್ತಲಲ್ಲಿ ಕಡಿದಾದ ಬಂಡೆಯಿಳಿದು ಕೂಸಿನ ಹತ್ತಿರ ಹೋದಳು ಎಂಬ ಕತೆ ಇಲ್ಲಿ ಮಕ್ಕಳಿಗೂ ಗೊತ್ತು. ಅವಳಿಗೆ ಕಡಿಮೆಯಾದದ್ದು ಕೋಣೆಯಲ್ಲ. ಹೊತ್ತು ಮುಳುಗಿದೊಡನೆ ಕೋಟೆಯ ಬಾಗಿಲು ಹಾಕಿಬಿಟ್ಟಿದ್ದರು, ಅಷ್ಟೆ.

ಮಾರ್ಚಿನಲ್ಲಿ ಧೈರ್ಯ ಮಾಡಿ ಕೇಳಿದೆ, ಮೀಟಿಂಗನ್ನು ಭಾನುವಾರ ಸಂಜೆ ನಾಲ್ಕಕ್ಕೆ ಇಡಬಹುದೇ ಎಂದು. ಹೋಟೆಲಿನವರು ಒಪ್ಪಲಿಲ್ಲ, ಅವರಿಗೆ ಭಾನುವಾರವೇ ಗಿರಾಕಿ ಜಾಸ್ತಿ. ಅದೂ ನಿಜವೇ. ಯೋಚಿಸೋಣ ಎಂದರು ಅಧ್ಯಕ್ಷರು.

ನಾಲ್ಕು ದಿನ ಬಿಟ್ಟು ವಾಟ್ಸಾಪಿನಲ್ಲಿ ನೋಟಿಸು ಬಂತು: 'ಮಹಿಳಾ ಸದಸ್ಯರ ಕೋರಿಕೆಯ ಮೇರೆಗೆ ಮುಂದಿನ ಸಭೆ ರಾತ್ರಿ 8.00ಕ್ಕೆ.'